ಕಾರ್ಡ್ ಸಂಗ್ರಹಕ್ಕೆ ಬೈಂಡರ್, ಬಾಕ್ಸ್, ಟಾಪ್‌ಲೋಡರ್: ನಿಮಗೆ ಯಾವುದು ಬೇಕು?

ಪೋಕೆಮಾನ್, ಮ್ಯಾಜಿಕ್, ಯೂ-ಗಿ-ಓ ಆಟಗಳ ಕಾರ್ಡ್ ಕೂಡಿಡುವವರು ಮೊದಲು ಕೇಳುವುದು, ಬೈಂಡರ್ (ಜೇಬುಗಳಿರುವ ಕಾರ್ಡ್ ಆಲ್ಬಂ) ತಗೊಳ್ಳಲಾ, ಬಾಕ್ಸ್ ಸಾಕಾ ಅಂತ. ಅದರ ಹಿಂದೆಯೇ ಉಳಿದವು ಬರುತ್ತವೆ. ಕಾರ್ಡಿಗೆ ತೊಡಿಸುವ ಪ್ಲಾಸ್ಟಿಕ್ ಕವರು, ಅಂದರೆ ಸ್ಲೀವ್, ಒಂದು ಸಾಕಾ, ಎರಡು ಹಾಕಬೇಕಾ? ಗಟ್ಟಿ ಪ್ಲಾಸ್ಟಿಕ್ಕಿನ ಟಾಪ್‌ಲೋಡರ್ ಎಲ್ಲದಕ್ಕೂ ಬೇಕಾ? ಬಸ್ಸಲ್ಲಿ ಒಯ್ಯುವುದು ಹೇಗೆ?

ಇವಕ್ಕೆ ಉತ್ತರ ಹುಡುಕಿದರೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಅಮೆರಿಕ, ಯುರೋಪಿನವು. ತಪ್ಪು ಸಲಹೆಗಳಲ್ಲ, ಆದರೆ ಬೇರೆ ಹವೆಗೆ ಹೇಳಿದ ಮಾತು. ಮಂಗಳೂರಲ್ಲೋ ಶಿರಸಿಯಲ್ಲೋ ಜೂನ್ ಬಂತೆಂದರೆ ಬೀರುವಿನ ಒಳಗಿನ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ಅಂಥ ಕಡೆ ದುಬಾರಿ ಕೇಸಿನೊಳಗಿನ ಕಾರ್ಡೂ ಬಾಗುತ್ತದೆ. ಹಾಗಾಗಿ ನಾನು ಹೇಳುವುದು ಒಂದೇ: ಕಾರ್ಡನ್ನು ಎಲ್ಲಿ ಇಡುತ್ತೀರಿ ಅನ್ನುವುದನ್ನು ಮೊದಲು ತೀರ್ಮಾನಿಸಿ. ಯಾವುದರೊಳಗೆ ಇಡುವುದು ಅನ್ನುವುದು ಆಮೇಲಿನ ಮಾತು.

ಯಾವುದನ್ನು ನೋಡಿ ಅಳೆಯಬೇಕು

ಮೊದಲನೆಯದು ತೇವ. ಕಾರ್ಡ್ ಅಂದರೆ ಮೂಲದಲ್ಲಿ ಕಾಗದ. ಕಾಗದ ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಸಾದಾ ಕಾರ್ಡಿನಲ್ಲಿ ಇದು ಎರಡೂ ಕಡೆ ಸಮನಾಗಿ ಆಗುವುದರಿಂದ ಅಷ್ಟಾಗಿ ಗೊತ್ತಾಗುವುದಿಲ್ಲ. ಹೊಳೆಯುವ ಫಾಯಿಲ್ ಕಾರ್ಡಿನ ಕಥೆ ಬೇರೆ. ಅದರ ಮುಂಭಾಗದಲ್ಲಿ ತೆಳುವಾದ ಲೋಹದ ಪದರ ಇದೆ. ಅದು ತೇವ ಹೀರುವುದಿಲ್ಲ. ಹಿಂದಿನ ಕಾಗದ ಮಾತ್ರ ಹಿಗ್ಗುತ್ತದೆ. ಆಗ ಕಾರ್ಡು ಚಿತ್ರದ ಕಡೆಗೆ ಬಟ್ಟಲಿನಂತೆ ಮಡಚಿಕೊಳ್ಳುತ್ತದೆ. ಹವೆ ತೀರಾ ಒಣಗಿದರೆ ಉಲ್ಟಾ, ಚಿತ್ರದ ಕಡೆ ಉಬ್ಬುತ್ತದೆ.

ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಬೆಲೆಯಿಲ್ಲದ ಒಂದು ಫಾಯಿಲ್ ಕಾರ್ಡನ್ನು ಸ್ಲೀವ್ ಇಲ್ಲದೆ, ಚಿತ್ರ ಮೇಲಾಗಿ, ಕಾರ್ಡ್ ಇಡಬೇಕು ಅಂದುಕೊಂಡಿರುವ ಜಾಗದಲ್ಲಿ ಇಡಿ. ಎರಡು ದಿನ ಬಿಟ್ಟು ಕಣ್ಣಿನ ಮಟ್ಟಕ್ಕೆ ಬಗ್ಗಿ ನೋಡಿ. ನಾಲ್ಕು ಮೂಲೆ ಮೇಲೆದ್ದಿದ್ದರೆ ಅಲ್ಲಿ ತೇವ ಜಾಸ್ತಿ. ಮಧ್ಯ ಉಬ್ಬಿದ್ದರೆ ಅಲ್ಲಿ ಒಣ ಹವೆ. ಚಪ್ಪಟೆಯಾಗಿಯೇ ಇದ್ದರೆ ಜಾಗ ಸಿಕ್ಕಿತು. ಹವೆಯ ತೇವ ಅಳೆಯುವ ಪುಟ್ಟ ಡಿಜಿಟಲ್ ಮೀಟರ್ ಕೂಡ ಕಡಿಮೆ ಬೆಲೆಗೆ ಸಿಗುತ್ತದೆ. ನೂರಕ್ಕೆ 40ರಿಂದ 55ರ ನಡುವೆ ತೋರಿಸಿದರೆ ಕಾರ್ಡಿಗೆ ಹಿತ.

ಎರಡನೆಯದು ಒತ್ತಡ ಮತ್ತು ಉಜ್ಜಾಟ. ಮೂಲೆ ಮೊಂಡಾಗುವುದು, ಅಂಚಿನ ಬಣ್ಣ ಹೋಗಿ ಬಿಳಿ ಕಾಣುವುದು, ಮೇಲ್ಮೈ ಗೀರುವುದು ಇವೆಲ್ಲ ಇದರಿಂದ. ಬೆಲೆ ಇಳಿಯುವುದೂ ಹೆಚ್ಚಾಗಿ ಇಲ್ಲೇ.

ಮೂರನೆಯದು ಪ್ಲಾಸ್ಟಿಕ್ಕಿನ ಜಾತಿ. ಪಾಲಿಪ್ರೊಪಿಲೀನ್ ಆದರೆ ಚಿಂತೆಯಿಲ್ಲ. ಮೆತ್ತಗಿನ ಪಿವಿಸಿ ಮಾತ್ರ ಬೇಡ. ಪಿವಿಸಿಯನ್ನು ಮೆತ್ತಗೆ ಮಾಡಲು ಬೆರೆಸಿದ ರಾಸಾಯನಿಕ ವರ್ಷ ಕಳೆದಂತೆ ಹೊರಬರುತ್ತದೆ, ಸೆಕೆಯಲ್ಲಂತೂ ಬೇಗ. ಹಾಳೆ ಅಂಟಂಟಾಗಿ ಕಾರ್ಡಿನ ಶಾಯಿಗೆ ಹಿಡಿದುಕೊಳ್ಳುತ್ತದೆ. ಹೊಸ ಫೈಲ್ ತೆರೆದಾಗ ಮೂಗಿಗೆ ಹೊಡೆಯುವ ವಾಸನೆ ಬಂದು, ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಅದನ್ನು ಕಾರ್ಡಿಗೆ ಬಳಸಬೇಡಿ.

ನಾಲ್ಕನೆಯದು, ಕಾರ್ಡು ಎಷ್ಟು ಸಲ ಕೈಗೆ ಬೇಕು ಅನ್ನುವುದು. ಇಲ್ಲಿ ಸಂಗ್ರಹವನ್ನು ಮೂರು ರಾಶಿ ಮಾಡಿಕೊಳ್ಳಿ: ಆಡುವ ಕಾರ್ಡು, ತೆರೆದು ನೋಡುವ ಕಾರ್ಡು, ಸುಮ್ನೆ ಇಡುವ ಕಾರ್ಡು. ಈ ಮೂರಕ್ಕೂ ಒಂದೇ ಸಾಮಾನು ಹುಡುಕಲು ಹೋಗುವುದರಿಂದಲೇ ಆಯ್ಕೆ ಕಷ್ಟವಾಗುವುದು.

ಸ್ಲೀವ್: ತೆಳುವೋ, ದಪ್ಪವೋ, ಎರಡು ಪದರವೋ

ಮೊದಲು ಅಳತೆ ನೋಡಿ. ಪೋಕೆಮಾನ್, ಮ್ಯಾಜಿಕ್ ಕಾರ್ಡು 63×88 ಮಿ.ಮೀ. ಯೂ-ಗಿ-ಓ ಸ್ವಲ್ಪ ಚಿಕ್ಕದು, 59×86. ದೊಡ್ಡ ಸ್ಲೀವಿಗೆ ಯೂ-ಗಿ-ಓ ಹಾಕಿದರೆ ಒಳಗೆ ಅಲ್ಲಾಡುತ್ತದೆ, ಮೂಲೆ ಸವೆಯುತ್ತದೆ. ಅದಕ್ಕೆ ‘ಜಪಾನೀಸ್ ಸೈಜ್’ ಅಥವಾ ‘ಸ್ಮಾಲ್’ ಅಂತ ಬರೆದಿರುವ ಪ್ಯಾಕೆಟ್ಟೇ ಬೇಕು.

ತೆಳು ಸ್ಲೀವ್, ಅಂದರೆ ‘ಪೆನ್ನಿ ಸ್ಲೀವ್’, ನೂರರ ಪ್ಯಾಕೆಟ್ಟಿನಲ್ಲಿ ಬರುವ ಅತಿ ಅಗ್ಗದ್ದು. ಧೂಳು, ಬೆರಳಿನ ಜಿಡ್ಡು, ಉಜ್ಜಾಟ ಮೂರನ್ನೂ ತಡೆಯುತ್ತದೆ. ಇಡುವ ರಾಶಿಯಲ್ಲಿ ಸ್ವಲ್ಪ ಬೆಲೆಯಿರುವ ಕಾರ್ಡಿಗೆ ಇಷ್ಟು ಸಾಕು. ಆಡಲು ಮಾತ್ರ ಆಗುವುದಿಲ್ಲ. ಕಲೆಸುವಾಗ ಒಂದಕ್ಕೊಂದು ಅಂಟುತ್ತದೆ, ಬೇಗ ಸೀಳುತ್ತದೆ.

ಆಡುವುದಕ್ಕೆ ಹಿಂಬದಿ ಬಣ್ಣದ, ಹೊಳಪಿಲ್ಲದ ಮ್ಯಾಟ್ ಸ್ಲೀವ್ ತಗೊಳ್ಳಿ. ಡ್ರ್ಯಾಗನ್ ಶೀಲ್ಡ್, ಅಲ್ಟಿಮೇಟ್ ಗಾರ್ಡ್, ಗೇಮ್‌ಜೆನಿಕ್, ಅಲ್ಟ್ರಾ ಪ್ರೋ, ಕೆಎಂಸಿ ಎಲ್ಲವೂ ಪಾಲಿಪ್ರೊಪಿಲೀನ್ ಸ್ಲೀವ್ ಮಾಡುತ್ತವೆ. ಬೆಲೆ ತೆಳು ಸ್ಲೀವಿನ ಹಲವು ಪಟ್ಟು. ಆದರೆ ಕೊಡುವ ದುಡ್ಡಿಗೆ ಅರ್ಥವಿದೆ, ಯಾಕೆಂದರೆ ಆಟದಲ್ಲಿ ಸವೆಯುವುದು ಸ್ಲೀವ್, ಕಾರ್ಡಲ್ಲ. ಟೂರ್ನಮೆಂಟ್ ಆಡುವವರು ಇನ್ನೊಂದು ನೆನಪಿಡಿ. ಇಡೀ ಡೆಕ್ಕಿಗೆ, ಅಂದರೆ ಆಡಲು ಒಯ್ಯುವ ಕಾರ್ಡುಗಳ ಕಟ್ಟಿಗೆ, ಒಂದೇ ಬ್ರ್ಯಾಂಡು, ಒಂದೇ ಬಣ್ಣ, ಒಂದೇ ಸವೆತ ಇರಬೇಕು. ನಾಲ್ಕು ಸ್ಲೀವ್ ಹರಿದು ನಾಲ್ಕು ಹೊಸದು ಹಾಕಿದರೆ ಆ ನಾಲ್ಕು ಕಾರ್ಡು ಹಿಂದಿನಿಂದಲೇ ಗುರುತು ಸಿಗುತ್ತವೆ. ಅದು ನಿಯಮಕ್ಕೆ ವಿರುದ್ಧ. ಹಾಗಾಗಿ ಡೆಕ್ಕಿಗೆ ಬೇಕಾದ್ದಕ್ಕಿಂತ ಹತ್ತಾದರೂ ಜಾಸ್ತಿ ಸ್ಲೀವನ್ನು ಮೊದಲ ದಿನವೇ ಡೆಕ್ಕಿನ ಜೊತೆ ಬಳಕೆಗೆ ಹಾಕಿಡುವುದು ಒಳ್ಳೆಯದು. ಪೋಕೆಮಾನ್ ಡೆಕ್ಕು 60 ಕಾರ್ಡಿನದ್ದು, ನೂರರ ಪ್ಯಾಕೆಟ್ಟು ಧಾರಾಳ. ಮ್ಯಾಜಿಕ್‌ನ ಕಮಾಂಡರ್ ಆಟಕ್ಕೆ 100 ಕಾರ್ಡು ಬೇಕು, ಅಲ್ಲಿ ನೂರರ ಪ್ಯಾಕೆಟ್ಟು ಒಂದೂ ಮಿಗದೆ ಮುಗಿಯುತ್ತದೆ.

ಎರಡು ಪದರದ ಬಗ್ಗೆ ಚರ್ಚೆ ಹೆಚ್ಚು. ಒಳಗೆ 64×89ರ ಬಿಗಿ ಸ್ಲೀವ್, ಹೊರಗೆ ಮ್ಯಾಟ್ ಸ್ಲೀವ್. ಮಾಡುವ ಕ್ರಮ ಇದು: ಒಳಗಿನದನ್ನು ಕಾರ್ಡಿನ ತಲೆಯ ಕಡೆಯಿಂದ ತೊಡಿಸಿ, ಬಾಯಿ ಕೆಳಗೆ ಬರುತ್ತದೆ. ಹೊರಗಿನದನ್ನು ಬುಡದಿಂದ ತೊಡಿಸಿ, ಬಾಯಿ ಮೇಲೆ ಬರುತ್ತದೆ. ಎರಡು ಬಾಯಿಯೂ ಎದುರು ಬದುರಾಗಿ ಮುಚ್ಚಿಕೊಳ್ಳುತ್ತವೆ. ಆಮೇಲೆ ಹೆಬ್ಬೆರಳಿನಿಂದ ನಿಧಾನವಾಗಿ ನೀವಿ ಗಾಳಿ ಹೊರಹಾಕಿ, ಒಂದು ರಾತ್ರಿ ದಪ್ಪ ಪುಸ್ತಕದ ಕೆಳಗೆ ಇಡಿ. ಚಹಾ ಚೆಲ್ಲಿದರೆ ಒರೆಸಿಕೊಳ್ಳುವಷ್ಟು ಹೊತ್ತು ಸಿಗುತ್ತದೆ. ಆದರೆ ಗಾಳಿಯ ತೇವವನ್ನು ಇದು ತಡೆಯುವುದಿಲ್ಲ, ಒಳಬರುವುದನ್ನು ನಿಧಾನ ಮಾಡುತ್ತದೆ ಅಷ್ಟೇ. ಡೆಕ್ಕಿನ ದಪ್ಪ ಬರೀ ಕಾರ್ಡಿನ ಎರಡು ಪಟ್ಟನ್ನೂ ದಾಟುತ್ತದೆ. ಮಕ್ಕಳ ಕೈಗೆ ಕಲೆಸಲು ಹಿಡಿತ ಸಿಗುವುದಿಲ್ಲ. ನನ್ನ ಪ್ರಕಾರ ಬೆಲೆಬಾಳುವ ಕಾರ್ಡುಗಳ ಡೆಕ್ಕಿಗೆ ಎರಡು ಪದರ ಸರಿ, ಮಗುವಿನ ಶಾಲೆಯ ಡೆಕ್ಕಿಗೆ ಒಂದೇ ಸಾಕು.

ಟಾಪ್‌ಲೋಡರ್, ಮ್ಯಾಗ್ನೆಟ್ ಕೇಸ್

ಟಾಪ್‌ಲೋಡರ್ ಗಟ್ಟಿ ಪ್ಲಾಸ್ಟಿಕ್ಕಿನ ಚೀಲ. ಬಾಗದಂತೆ ಕಾಯುವುದೇ ಇದರ ಕೆಲಸ. ಇದೂ ಪಿವಿಸಿಯೇ, ಆದರೆ ಗಟ್ಟಿ ಜಾತಿಯದು, ಮೆತ್ತಗಿನದರ ತೊಂದರೆ ಇದರಲ್ಲಿಲ್ಲ. ಹಾಗಂತ ಬರೀ ಕಾರ್ಡನ್ನು ಇಳಿಸಬೇಡಿ. ಅಂಚು ಗೀರುತ್ತದೆ. ಮೊದಲು ತೆಳು ಸ್ಲೀವ್, ಆಮೇಲೆ ಟಾಪ್‌ಲೋಡರ್. ಸಾಮಾನ್ಯ ಕಾರ್ಡಿಗೆ ‘35 ಪಾಯಿಂಟ್’ ಅಂತ ಬರೆದದ್ದು ಸರಿಹೊಂದುತ್ತದೆ. ಇದು ದಪ್ಪದ ಅಳತೆ, ಒಂದು ಪಾಯಿಂಟ್ ಅಂದರೆ ಒಂದು ಇಂಚಿನ ಸಾವಿರ ಪಾಲಿನಲ್ಲಿ ಒಂದು ಪಾಲು.

ಒಂದು ಟಾಪ್‌ಲೋಡರ್ ಆರೇಳು ಕಾರ್ಡಿನ ಜಾಗ ತಿನ್ನುತ್ತದೆ. ಸಂಗ್ರಹಕ್ಕೆಲ್ಲ ಹಾಕಲು ಹೊರಟರೆ ದುಡ್ಡೂ ಹೋಯಿತು, ಬೀರುವೂ ತುಂಬಿತು. ಒಡೆದು ಹೇಳುತ್ತೇನೆ: ಒಂದು ಕಾರ್ಡು ಕಳೆದರೆ ನಿಮಗೆ ಹೊಟ್ಟೆ ಉರಿಯುತ್ತದೆ ಅನ್ನುವುದಾದರೆ ಅದಕ್ಕೆ ಟಾಪ್‌ಲೋಡರ್ ಹಾಕಿ. ಸಾವಿರ ಕಾರ್ಡಿನಲ್ಲಿ ಅಂಥವು ಇಪ್ಪತ್ತೋ ಮೂವತ್ತೋ ಇರುತ್ತವೆ. ಮ್ಯಾಗ್ನೆಟ್ಟಿನಿಂದ ಮುಚ್ಚಿಕೊಳ್ಳುವ ಗಟ್ಟಿ ಕೇಸು, ಅಂದರೆ ಮ್ಯಾಗ್ನೆಟ್ ಕೇಸು, ಷೋಕೇಸಿನಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಷೋಕೇಸಿಗೆ ಬಿಸಿಲು ಬೀಳುತ್ತಿದ್ದರೆ ಬಣ್ಣ ಮಾಸುತ್ತದೆ, ಯಾವ ಕೇಸೂ ಅದನ್ನು ಪೂರ್ತಿ ನಿಲ್ಲಿಸಲಾರದು. ಕಾರ್ಡನ್ನು ಗ್ರೇಡಿಂಗಿಗೆ, ಅಂದರೆ ಅದರ ಸ್ಥಿತಿ ನೋಡಿ ದರ್ಜೆ ಕೊಡುವವರಿಗೆ, ಕಳಿಸುವುದಾದರೆ ಇವೆರಡೂ ಬೇಡ. ಅದಕ್ಕೆ ಅರೆಗಟ್ಟಿಯಾದ, ಬಾಗುವ ಹೋಲ್ಡರ್ ಬೇರೆಯೇ ಇದೆ.

ಬೈಂಡರ್

ನೋಡುವ ರಾಶಿಗೆ ಬೈಂಡರಿಗಿಂತ ಒಳ್ಳೆಯದು ಇಲ್ಲ. ಪುಟ ತಿರುಗಿಸಿ ತೋರಿಸುವ ಖುಷಿ ಬಾಕ್ಸಿನಲ್ಲಿ ಎಲ್ಲಿ ಬರುತ್ತದೆ? ಪುಟಕ್ಕೆ ಒಂಬತ್ತು ಜೇಬು, ಎರಡೂ ಕಡೆ ಸೇರಿ ಹದಿನೆಂಟು ಕಾರ್ಡು. 20 ಪುಟಕ್ಕೆ 360.

ಇಲ್ಲಿ ಆರಿಸಬೇಕಾದ್ದು ರಿಂಗ್ ಬೈಂಡರೋ, ಪುಟಗಳನ್ನು ಬೆಸೆದ ಜಿಪ್ ಬೈಂಡರೋ ಅನ್ನುವುದನ್ನು. ರಿಂಗ್ ಬೈಂಡರಿಗೆ ಪುಟ ಸೇರಿಸಬಹುದು, ತೆಗೆಯಬಹುದು, ಅಗ್ಗವೂ ಹೌದು. ಆದರೆ ಮುಚ್ಚಿದಾಗ ಒಳಗಿನ ಪುಟಗಳು ಸರಿದು ರಿಂಗಿನ ಮೇಲೆ ಹತ್ತುತ್ತವೆ. ಬೆನ್ನಿನ ಪಕ್ಕದ ಸಾಲಿನ ಕಾರ್ಡುಗಳಿಗೆ ಕಮಾನಿನ ಆಕಾರದ ಅಚ್ಚು ಬೀಳುತ್ತದೆ. ಆ ಗುರುತು ಹೋಗುವುದಿಲ್ಲ. ರಿಂಗೇ ಬೇಕಿದ್ದರೆ ಇಂಗ್ಲಿಷಿನ ‘ಡಿ’ ಅಕ್ಷರದ ಆಕಾರದ ರಿಂಗ್ ನೋಡಿ, ಪುಟಗಳು ನೇರವಾಗಿ ಕೂರುತ್ತವೆ. ಅದನ್ನೂ ಪೂರ್ತಿ ತುಂಬಬೇಡಿ. ಜಿಪ್ ಬೈಂಡರಿಗೆ ಈ ತೊಂದರೆಯಿಲ್ಲ, ಧೂಳೂ ಹೋಗುವುದಿಲ್ಲ. ಬೆಲೆ ಜಾಸ್ತಿ, ಪುಟ ಸೇರಿಸಲು ಆಗುವುದಿಲ್ಲ. ಎರಡರಲ್ಲಿ ನಾನಾದರೆ ಜಿಪ್ ಬೈಂಡರನ್ನೇ ಹೇಳುತ್ತೇನೆ. ಜೇಬಿನ ಬಾಯಿ ಪಕ್ಕದಲ್ಲಿರಲಿ. ಬಾಯಿ ಮೇಲಿದ್ದರೆ ತಲೆಕೆಳಗಾದಾಗ ಕಾರ್ಡು ಜಾರುತ್ತದೆ. ಬೈಂಡರಿನ ಒಳಗೂ ತೆಳು ಸ್ಲೀವ್ ಬೇಕು, ಜೇಬಿಗೆ ತುರುಕುವಾಗಲೇ ಮೂಲೆ ಪೆಟ್ಟು ತಿನ್ನುವುದು.

ಸ್ಟೇಷನರಿ ಅಂಗಡಿಯಲ್ಲಿ ಸಿಗುವ ವಿಸಿಟಿಂಗ್ ಕಾರ್ಡ್ ಆಲ್ಬಂ ನೋಡಿ ಆಸೆಪಡಬೇಡಿ, ಅದರ ಜೇಬಿಗೆ ಆಟದ ಕಾರ್ಡು ಹಿಡಿಸುವುದಿಲ್ಲ. ಹಳೇ ಕಾಲದ ಅಂಟು ಹಾಳೆಯ ಫೋಟೋ ಆಲ್ಬಂ ಅಂತೂ ಬೇಡವೇ ಬೇಡ. ಆ ಅಂಟು ಕಾರ್ಡಿನ ಬೆನ್ನನ್ನೇ ಕಿತ್ತುಕೊಂಡು ಬರುತ್ತದೆ.

ಬೈಂಡರಿನ ದೊಡ್ಡ ಮಿತಿ ತೇವ. ಜಿಪ್ ಹಾಕಿದರೂ ಗಾಳಿ ಆಡುತ್ತದೆ. ಕರಾವಳಿ, ಮಲೆನಾಡಿನವರು ಮಳೆಗಾಲದ ನಾಲ್ಕು ತಿಂಗಳು ಬೈಂಡರನ್ನು ಬಿಗಿಮುಚ್ಚಳದ ದೊಡ್ಡ ಡಬ್ಬದೊಳಗೆ ಇಡಬೇಕಾಗುತ್ತದೆ. ಕೊಳ್ಳುವ ಮೊದಲೇ ಆ ಡಬ್ಬದ ಅಳತೆಯನ್ನೂ ನೋಡಿಕೊಳ್ಳಿ.

ಬಾಕ್ಸ್

ಸುಮ್ನೆ ಇಡುವ ರಾಶಿ ದೊಡ್ಡದಾದಾಗ ಬಾಕ್ಸ್ ಬಿಟ್ಟರೆ ಗತಿಯಿಲ್ಲ. ಸ್ಲೀವಿಲ್ಲದ ಸಾವಿರ ಕಾರ್ಡನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು 30 ಸೆಂ.ಮೀ. ಉದ್ದ, ಸುಮಾರು 1.8 ಕೆ.ಜಿ. ತೂಕ. ಇದೇ ಸಾವಿರಕ್ಕೆ ಮೂರು ಬೈಂಡರ್ ಬೇಕು. ಖರ್ಚಿನ ಅಂತರ ಎಷ್ಟು ಅನ್ನುವುದು ಗೊತ್ತಾಯಿತು ಅಲ್ವಾ?

ಕಾರ್ಡಿಗೆಂದೇ ಮಾಡಿದ ರಟ್ಟಿನ ಉದ್ದನೆಯ ಬಾಕ್ಸುಗಳು 800, 3200, 5000 ಕಾರ್ಡಿನ ಅಳತೆಯಲ್ಲಿ ಬರುತ್ತವೆ. ವಿಂಗಡಿಸಿ ಇಡಲು, ಹುಡುಕಲು ಇವು ಬಹಳ ಚೆನ್ನ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಹವೆಗೆ ಒಳ್ಳೆಯ ಆಯ್ಕೆ. ಆದರೆ ರಟ್ಟೂ ಕಾಗದವೇ. ತೇವ ಹೀರುತ್ತದೆ, ಗೆದ್ದಲಿಗೆ ಊಟವಾಗುತ್ತದೆ, ಜಿರಳೆ ಒಳಗೆ ಮೊಟ್ಟೆ ಇಡುತ್ತದೆ. ಉಡುಪಿಯಲ್ಲಿ, ಮಡಿಕೇರಿಯಲ್ಲಿ ಇದನ್ನು ಬರೀ ಹಾಗೇ ಇಡುವುದು ಬೇಡ.

ಅಲ್ಲಿಗೆ ಸರಿಯಾದದ್ದು ಅಡುಗೆಮನೆ ಸಾಮಾನಿನ ಅಂಗಡಿಯಲ್ಲೇ ಇದೆ: ನಾಲ್ಕು ಕಡೆ ಲಾಕ್ ಇರುವ, ಮುಚ್ಚಳಕ್ಕೆ ರಬ್ಬರ್ ಪಟ್ಟಿಯಿರುವ ಪ್ಲಾಸ್ಟಿಕ್ ಡಬ್ಬ. ಒಳಗಿನ ಅಗಲ 9.5 ಸೆಂ.ಮೀ. ಇದ್ದರೆ ಸ್ಲೀವ್ ಹಾಕಿದ ಕಾರ್ಡು ಅಡ್ಡಲಾಗಿ ನಿಲ್ಲುತ್ತದೆ. ಒಂದು ಕಾರ್ಡನ್ನೂ ಸ್ಕೇಲನ್ನೂ ಅಂಗಡಿಗೆ ತಗೊಂಡು ಹೋಗಿ. ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ಬಣ್ಣ ಬದಲಾಗುವ ಕಿತ್ತಳೆ ಜಾತಿಯದು ಸಿಕ್ಕಿದರೆ ಒಳ್ಳೆಯದು, ತೇವ ಕುಡಿದಾಗ ಹಸಿರಾಗುತ್ತದೆ. ಹರಳುಗಳನ್ನು ತಟ್ಟೆಗೆ ಸುರಿದು ಓವನ್ನಿನಲ್ಲಿ ಸುಮಾರು 120 ಡಿಗ್ರಿ ಕಾವಿನಲ್ಲಿ ಒಣಗಿಸಿದರೆ ಮತ್ತೆ ಬಳಸಬಹುದು.

ಈ ಡಬ್ಬಕ್ಕೂ ಒಂದು ದೋಷವಿದೆ. ಮಳೆ ಸುರಿಯುವ ದಿನ ಕಾರ್ಡು ತುಂಬಿ ಮುಚ್ಚಿದರೆ ಆ ತೇವವನ್ನೇ ಒಳಗೆ ಕೂಡಿಹಾಕಿದಂತೆ. ಮೇ ತಿಂಗಳ ಮೊದಲ ವಾರಗಳಲ್ಲೇ ತುಂಬಿ ಮುಚ್ಚಿ. ಇನ್ನು ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಸಿಲಿಕಾ ಬೇಕಿಲ್ಲ. ಅಲ್ಲಿ ಹವೆಯೇ ಒಣ, ಮೇಲೆ ಇದನ್ನೂ ಹಾಕಿದರೆ ಫಾಯಿಲ್ ಉಬ್ಬುತ್ತದೆ. ತೇವ ಹೆಚ್ಚಾದರೆ ಹೀರಿ, ಕಡಿಮೆಯಾದರೆ ಬಿಡುವ ಎರಡೂ ದಿಕ್ಕಿನ ಪೊಟ್ಟಣಗಳೂ ಇವೆ. ದುಬಾರಿ, ಹಾಗಾಗಿ ಬೆಲೆಬಾಳುವ ಫಾಯಿಲ್ ಇರುವ ಒಂದು ಡಬ್ಬಕ್ಕೆ ಸಾಕು.

ಹುಳಕ್ಕೆ ಅಂತ ನುಸಿಗುಳಿಗೆ ಹಾಕಬೇಡಿ. ನಾಫ್ತಲೀನ್ ಆವಿ ಕೆಲವು ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ, ವಾಸನೆಯೂ ಕಾರ್ಡಿಗೆ ಹಿಡಿದುಬಿಡುತ್ತದೆ. ಬಿಗಿ ಮುಚ್ಚಳವೇ ಹುಳಕ್ಕೆ ಔಷಧಿ.

ಡಬ್ಬ ಯಾವುದೇ ಆಗಲಿ, ಬೀರುವಿನ ನಡುವಿನ ಹಲಗೆಯ ಮೇಲೆ ಇಡಿ. ಅಟ್ಟ ಬೇಡ, ಅಲ್ಲಿ ಬೇಸಿಗೆಯ ಕಾವು. ಮಂಚದ ಕೆಳಗಿನ ನೆಲ ಬೇಡ, ಬಚ್ಚಲುಮನೆ ಗೋಡೆಗೆ ಅಂಟಿದ ಕಪಾಟೂ ಬೇಡ.

ನಮ್ಮದೇ ಹಳೇ ಇಸ್ಪೀಟಿನಂಥ ಆಟವಾದ ಗಂಜೀಫಾದ ಎಲೆಗಳನ್ನು ಕೂಡಿಡುವವರಿಗೆ ಮೇಲಿನ ಸ್ಲೀವು, ಬೈಂಡರಿನ ಮಾತು ಅನ್ವಯಿಸುವುದಿಲ್ಲ. ದುಂಡಗಿನ ಎಲೆ, ಕೈಯಲ್ಲಿ ಬರೆದ ಬಣ್ಣ, ದಶಾವತಾರದ ಒಂದು ಕಟ್ಟಿಗೆ 120 ಎಲೆ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಆಸರೆಯಲ್ಲಿ ಬೆಳೆದ ಈ ಆಟದ ಎಲೆಗಳಿಗೆ ಸರಿಯುವ ಮುಚ್ಚಳದ ಮರದ ಪೆಟ್ಟಿಗೆಯೇ ಮನೆ. ಆಮ್ಲವಿಲ್ಲದ ತೆಳು ಕಾಗದವನ್ನು ಎಲೆಗಳ ನಡುವೆ ಇಟ್ಟು, ಆ ಪೆಟ್ಟಿಗೆಯನ್ನು ಒಣ ಜಾಗದಲ್ಲಿಡಿ. ಬಣ್ಣದ ಮೈಗೆ ಪ್ಲಾಸ್ಟಿಕ್ ತಾಗಿಸಬೇಡಿ.

ಒಯ್ಯುವಾಗ

ಆಡಲು ಹೋಗುವವರಿಗೆ ಡೆಕ್ ಬಾಕ್ಸ್. ಅಗ್ಗದ ಪ್ಲಾಸ್ಟಿಕ್ ಬಾಕ್ಸಿನ ಮುಚ್ಚಳ ಕೆಲವು ತಿಂಗಳಲ್ಲಿ ಸಡಿಲವಾಗುತ್ತದೆ, ಚೀಲದೊಳಗೆ ತೆರೆದುಕೊಳ್ಳುತ್ತದೆ. ಮ್ಯಾಗ್ನೆಟ್ ಮುಚ್ಚಳದ್ದು ದುಬಾರಿ, ಆದರೆ ಬಹುಕಾಲ ಬಾಳುತ್ತದೆ. ಕೊಳ್ಳುವಾಗ ನಿಮ್ಮ ಡೆಕ್ಕು ಎರಡು ಪದರದ್ದಾ ಅಂತ ನೋಡಿಕೊಳ್ಳಿ. ‘100’ ಅಂತ ಬರೆದ ಎಲ್ಲ ಬಾಕ್ಸಿಗೂ ಎರಡು ಪದರದ ನೂರು ಕಾರ್ಡು ಹಿಡಿಯುವುದಿಲ್ಲ. ರಬ್ಬರ್ ಬ್ಯಾಂಡ್ ಮಾತ್ರ ಹಾಕಬೇಡಿ, ಮೊದಲ ಮತ್ತು ಕೊನೆಯ ಕಾರ್ಡಿನ ಅಂಚು ಕತ್ತರಿಸಿದಂತಾಗುತ್ತದೆ.

ಬೈಕಿನಲ್ಲಿ ಹೋಗುವವರು ಡೆಕ್ ಬಾಕ್ಸನ್ನು ಜಿಪ್ ಲಾಕ್ ಕವರಿನಲ್ಲಿ ಹಾಕಿ ಬ್ಯಾಗಿಗಿಡಿ. ರೇನ್ ಕವರ್ ಇದ್ದರೂ ಬೆನ್ನಿನ ಕಡೆಯಿಂದ ನೀರಿಳಿಯುತ್ತದೆ. ಬಸ್ಸಿನ ಡಿಕ್ಕಿಗೆ ಹಾಕಬೇಡಿ, ಅಲ್ಲಿ ಕಾವು, ನೀರು, ಮೇಲೆ ಬೀಳುವ ಸೂಟ್‌ಕೇಸು ಮೂರೂ ಇವೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಟ್ಟುಹೋಗಬೇಡಿ.

ವಿಮಾನದಲ್ಲಿ ಬೆಲೆಬಾಳುವ ಕಾರ್ಡು ಯಾವಾಗಲೂ ಕೈಚೀಲದಲ್ಲಿ. ದೇಶದೊಳಗಿನ ವಿಮಾನಗಳಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ 7 ಕೆ.ಜಿ. ಮಿತಿ, ಹಾಗಾಗಿ ಅಗ್ಗದ ಕಾರ್ಡುಗಳನ್ನು ಚೆಕ್-ಇನ್ ಪೆಟ್ಟಿಗೆಯ ನಡುವೆ ಬಟ್ಟೆಯೊಳಗೆ ಸುತ್ತಿಡಿ. ಹೊರದೇಶದಿಂದ ರಜೆಗೆ ಮಂಗಳೂರಿಗೆ ಬರುವವರು ಒಂದು ಮಾತು ಕೇಳಿ. ಎಸಿಯಿಂದ ಹೊರಬಂದ ತಣ್ಣನೆಯ ಡಬ್ಬವನ್ನು ತಕ್ಷಣ ತೆರೆಯಬೇಡಿ. ಕೋಣೆಯ ಕಾವಿಗೆ ಬರುವವರೆಗೆ ಕೆಲವು ಗಂಟೆ ಮುಚ್ಚಿಯೇ ಇರಲಿ, ಇಲ್ಲದಿದ್ದರೆ ತಣ್ಣನೆಯ ಕಾರ್ಡಿನ ಮೇಲೆ ಹನಿ ಕೂರುತ್ತದೆ.

ಮನೆ ಬದಲಿಸುವಾಗ ದೊಡ್ಡ ಪೆಟ್ಟಿಗೆಗೆ ತುಂಬಬೇಡಿ. 5000 ಕಾರ್ಡು 9 ಕೆ.ಜಿ. ತೂಗುತ್ತದೆ, ರಟ್ಟಿನ ತಳ ಕಳಚುತ್ತದೆ. ಡಬ್ಬದಲ್ಲಿ ಖಾಲಿ ಉಳಿದ ಜಾಗಕ್ಕೆ ಮಡಚಿದ ರಟ್ಟು ತುಂಬಿ. ಕಾರ್ಡು ವಾಲಿ ನಿಂತರೆ ವಾಲಿದಂತೆಯೇ ಬಾಗುತ್ತದೆ.

ಅಂಚೆಯಲ್ಲೋ ಕೊರಿಯರಿನಲ್ಲೋ ಒಂದೆರಡು ಕಾರ್ಡು ಕಳಿಸುವುದಾದರೆ ತೆಳು ಸ್ಲೀವ್, ಟಾಪ್‌ಲೋಡರ್, ಅದರ ಬಾಯಿಗೆ ಮಾಸ್ಕಿಂಗ್ ಟೇಪು. ಸೆಲ್ಲೋಟೇಪು ಹಾಕಿದರೆ ತೆಗೆಯುವವರು ಎಳೆದಾಡಬೇಕಾಗುತ್ತದೆ. ಆಮೇಲೆ ಎರಡು ರಟ್ಟಿನ ನಡುವೆ ಇಟ್ಟು, ಪ್ಲಾಸ್ಟಿಕ್ ಕವರು ಸುತ್ತಿ, ಬಬಲ್ ಕವರಿಗೆ ಹಾಕಿ.

ಹಾಗಾದರೆ ನೀವು ಯಾವುದನ್ನು ಕೊಳ್ಳಬೇಕು

ಕೈಯಲ್ಲಿ ಐನೂರು ರೂಪಾಯಿಯೊಳಗೆ ಇದ್ದರೆ ಒಂದು ಲಾಕ್ ಡಬ್ಬ, ಸಿಲಿಕಾ ಪೊಟ್ಟಣ, ಒಂದು ಪ್ಯಾಕೆಟ್ ತೆಳು ಸ್ಲೀವ್. ಬೇರೇನೂ ಬೇಡ. ಕರಾವಳಿಯ ಹಾಸ್ಟೆಲ್ಲಿನಲ್ಲಿರುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಖರ್ಚು ಇಲ್ಲ. ಅದೇ ಹಣಕ್ಕೆ ಬೈಂಡರ್ ತಂದರೆ ಆಗಸ್ಟಿಗೆ ಫಾಯಿಲ್‌ಗಳೆಲ್ಲ ಬಾಗಿರುತ್ತವೆ.

ಮಗುವಿಗೆ ಕೊಡಿಸುವ ಅಪ್ಪ ಅಮ್ಮಂದಿರಿಗೆ ಸಣ್ಣ ಜಿಪ್ ಬೈಂಡರ್, ಪುಟಕ್ಕೆ ನಾಲ್ಕು ಜೇಬಿನದ್ದು. ಮಗು ಅದನ್ನು ತೆರೆದು ತೋರಿಸಬೇಕು, ಬ್ಯಾಗಿನಲ್ಲಿ ಒಯ್ಯಬೇಕು. ಕ್ರಿಕೆಟ್ ಅಟ್ಯಾಕ್ಸ್ ಕಾರ್ಡಿದ್ದರೂ ಇದೇ ಸರಿ. ಬೆಲೆಯ ಎರಡು ಮೂರು ಕಾರ್ಡನ್ನು ಮನೆಯಲ್ಲಿ ಟಾಪ್‌ಲೋಡರಿನಲ್ಲಿ ಇಡುವ ಒಪ್ಪಂದ ಮಾಡಿಕೊಳ್ಳಿ.

ವಾರವಾರ ಆಡುವವರು ಮೊದಲ ದುಡ್ಡನ್ನು ಒಳ್ಳೆಯ ಮ್ಯಾಟ್ ಸ್ಲೀವಿಗೆ, ಎರಡನೆಯದನ್ನು ಡೆಕ್ ಬಾಕ್ಸಿಗೆ ಹಾಕಿ. ಉಳಿದ ಕಾರ್ಡಿಗೆ ಊರಿನ ಹವೆ ನೋಡಿ ರಟ್ಟೋ ಪ್ಲಾಸ್ಟಿಕ್ಕೋ ಸಾಕು.

ಸಾವಿರಾರು ಕಾರ್ಡಿದ್ದು, ಅವುಗಳಲ್ಲಿ ಕೆಲವು ಬಹಳ ಬೆಲೆಬಾಳುವಂತಿದ್ದರೆ ಮೂರೂ ಬೇಕು: ಆಯ್ದ ಇಪ್ಪತ್ತು ಮೂವತ್ತಕ್ಕೆ ಟಾಪ್‌ಲೋಡರ್, ಇಷ್ಟದ 360ಕ್ಕೆ ಜಿಪ್ ಬೈಂಡರ್, ಉಳಿದದ್ದಕ್ಕೆ ಬಾಕ್ಸು. ಒಂದೇ ಸಲ ಕೊಳ್ಳಬೇಕಿಲ್ಲ. ಮಳೆಗಾಲದ ಮೊದಲು ಡಬ್ಬ ಮತ್ತು ಸಿಲಿಕಾ ತನ್ನಿ, ಟಾಪ್‌ಲೋಡರ್ ಅದರ ಹಿಂದೆ, ಬೈಂಡರನ್ನು ದೀಪಾವಳಿ ಕಳೆದು ಹವೆ ಒಣಗಿದ ಮೇಲೆ ನಿಧಾನವಾಗಿ ಆರಿಸಿ.